ಗೂಡಿಲ್ಲದ ಇಟ್ಟಿಗೆ

ಇಟ್ಟಿಗೆ ಸುಡುವವನಿಗೆ ಮಣ್ಣಿನ ಚಿಂತೆಗಿಂತ ಸೌದೆಯ ಚಿಂತೆ ಹೆಚ್ಚು. ಗಾರೆಯವರ ಮನೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1974ರಲ್ಲಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. ಆ ತಂಡದವರು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಬಂದು, ಸುತ್ತಲ ಹಳ್ಳಿಗಳಲ್ಲಿ ಸೌದೆ ಎಲ್ಲಿಂದ ಬರುತ್ತದೆ, ಎಷ್ಟು ಉರಿಯುತ್ತದೆ ಎಂದು ಲೆಕ್ಕ ಹಾಕಿದರು. ಮನೆ ಕಟ್ಟುವ ವಿಷಯ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರ ಪಾಲಿಗೆ ಬಂತು.

ಐವತ್ತರ ದಶಕದಲ್ಲೇ ಕೊಲಂಬಿಯಾದ ಬೊಗೋಟಾದಲ್ಲಿ ರೌಲ್ ರಾಮಿರೆಜ್ ಎಂಬ ಎಂಜಿನಿಯರ್ ಮಣ್ಣನ್ನು ಸುಡದೆ ಒತ್ತಿಯೇ ಬ್ಲಾಕ್ ಮಾಡುವ 'ಸಿನ್ವಾ-ರಾಮ್' ಎಂಬ ಕೈಯಂತ್ರ ಮಾಡಿದ್ದ. ಅಂಥದ್ದೇ ಕೆಲಸಕ್ಕೆ ಅಸ್ತ್ರದವರು ತಮ್ಮದೇ 'ಆಸ್ಟ್ರಾಮ್' ಯಂತ್ರ ರೂಪಿಸಿದರು. ಕೆಮ್ಮಣ್ಣನ್ನು ಜರಡಿ ಹಿಡಿದು, ಜಿಗಟು ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ ಏಳರಷ್ಟು ಸಿಮೆಂಟ್ ಹಾಕಿ, ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸಬೇಕು. ಅಚ್ಚಿಗೆ ತುಂಬಿ, ಉದ್ದನೆಯ ಹಿಡಿಕೆಗೆ ಮೈಭಾರ ಹಾಕಿ ಎಳೆದರೆ ಬ್ಲಾಕ್ ಸಿದ್ಧ. ಗೂಡು ಬೇಡ, ಪೇರಿಸಿಟ್ಟು ಮೂರು ವಾರ ನೀರುಣಿಸಿದರೆ ಸಾಕು.

ಗಾರೆಯವನಾಗಿ ನಾನು ಮೆಚ್ಚಿದ್ದು ಅದರ ಅಳತೆಯನ್ನು. 305×143×100 ಅಥವಾ 230×190×100 ಮಿಲಿಮೀಟರ್: ಒಂದು ಬ್ಲಾಕಿನ ಹಾಗೆಯೇ ಇನ್ನೊಂದು. ಸುಟ್ಟಾಗ ಸೊಟ್ಟಗಾಗುವ ನಾಟಿ ಇಟ್ಟಿಗೆಯನ್ನು ಗಾರೆ ತುಂಬಿ ಸಮ ಮಾಡುವುದರಲ್ಲೇ ನಮ್ಮ ಅರ್ಧ ದಿನ ಹೋಗುತ್ತಿತ್ತು. ಇಲ್ಲಿ ನಕ್ಷೆಯಲ್ಲೇ ವರಸೆ ಎಣಿಸಿಬಿಡಬಹುದು, ಕಿಟಕಿಯನ್ನು ಬ್ಲಾಕಿನ ಲೆಕ್ಕಕ್ಕೆ ಕೂರಿಸಬಹುದು. ಗೋಡೆ ನೇರವಾಗಿ ಎದ್ದರೆ ಪ್ಲಾಸ್ಟರಿಂಗ್ ಖರ್ಚೂ ಉಳಿಯಿತು. ಕಪ್ಪು ಮಣ್ಣಿನ ಸೀಮೆಯಲ್ಲಿ ಮಾತ್ರ ಬರೀ ಸಿಮೆಂಟಿನ ಆಟ ನಡೆಯದು, ಅಲ್ಲಿ ಸುಣ್ಣವನ್ನೂ ಬೆರೆಸಬೇಕು.

ಆದರೆ ಹಳ್ಳಿ ಒಪ್ಪಿತೇ? ಎಂಜಿನಿಯರುಗಳು ಎಷ್ಟೇ ಹೇಳಲಿ, ಮಣ್ಣಿನ ಗೋಡೆ ಎಂದರೆ ನಮ್ಮವರಿಗೆ ಮಳೆಗಾಲಕ್ಕೆ ಕುಸಿಯುವ ಗೋಡೆ, ಬಡತನದ ಗುರುತು. ಸರ್ಕಾರದ ಜನತಾ ಮನೆ ಸಿಕ್ಕವನೂ ಬಯಸಿದ್ದು ಸುಟ್ಟ ಇಟ್ಟಿಗೆಯ ಗೋಡೆ, ಮೇಲೆ ತಾರಸಿಯನ್ನೇ. ಅವನನ್ನು ನಾನು ದೂರಲಾರೆ. ಹೆಣ್ಣು ಕೊಡುವವರು ಮೊದಲು ನೋಡುವುದು ಗೋಡೆಯನ್ನು.

ಆ ಬ್ಲಾಕನ್ನು ಅಪ್ಪಿಕೊಂಡದ್ದು ಬೆಂಗಳೂರು. ಆರ್ಕಿಟೆಕ್ಟ್‌ಗಳು ಅದನ್ನು ಪ್ಲಾಸ್ಟರ್ ಇಲ್ಲದೆ, ಬಣ್ಣ ಬಳಿಯದೆ, ಕಾಣುವ ಹಾಗೇ ಬಿಟ್ಟು ಕಟ್ಟಿಸುತ್ತಾರೆ. ಅಲ್ಲಿ ನೆಲಮಾಳಿಗೆಗೆ ಅಗೆದ ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸುವ ಬದಲು ನಿವೇಶನದಲ್ಲೇ ಅಚ್ಚಿಗೆ ಹಾಕಿ, ಅದರಿಂದಲೇ ಮೇಲಿನ ಗೋಡೆ ಎಬ್ಬಿಸುವುದೂ ಉಂಟು.