ಎಷ್ಟು ಕೊಡುತ್ತೆ?

ಕಳೆದ ತಿಂಗಳು ಅಕ್ಕನ ಮಗ ಒಂದು ಹಳೇ ಕಾರು ನೋಡೋಕೆ ನನ್ನನ್ನು ಕರೆದುಕೊಂಡು ಹೋಗಿದ್ದ. 2013ರ ಆಲ್ಟೊ 800. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದೆ, ಹುಡುಗನಿಗೆ ಇದೇ ಮೊದಲ ಕಾರು. "ಮಾಮ, ನಿಮಗೆ ಇದೆಲ್ಲ ಗೊತ್ತಾಗುತ್ತೆ, ಒಂದ್ಸಲ ಬಂದು ನೋಡಿ" ಅಂದ. ಯಾರಾದರೂ ಹೀಗೆ ಕರೆದರೆ ಬಿಡುತ್ತೇನೆಯೇ? ಬಾನೆಟ್ ಎತ್ತಿಸಿದೆ, ಕಾರ್ಪೆಟ್ ಸರಿಸಿ ತುಕ್ಕು ನೋಡಿದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹೊಡೆದೆ, ಸೈಲೆನ್ಸರ್ ಹತ್ತಿರ ಕೂತು ಹೊಗೆ ನೋಡಿದೆ. ಅರ್ಧ ಗಂಟೆ ಆದಮೇಲೆ ಗಂಭೀರವಾಗಿ "ಗಾಡಿ ಚೆನ್ನಾಗಿದೆ ಕಣೋ, ಮಾತಾಡಬಹುದು" ಅಂದೆ.

ಅವನು ಕೇಳಿದ್ದು ಒಂದೇ ಪ್ರಶ್ನೆ. "ಏರ್‌ಬ್ಯಾಗ್ ಇದೆಯಾ ಮಾಮ?"

ನಾನು ನೋಡಿರಲಿಲ್ಲ. ಮರೆತಿದ್ದೆ ಅಂತಲ್ಲ, ನೋಡಬೇಕು ಅನ್ನುವುದೇ ತಲೆಗೆ ಬಂದಿರಲಿಲ್ಲ. (ಇರಲಿಲ್ಲ. ಅದು ಬೇಸ್ ಮಾಡೆಲ್.)

ವಾಪಸ್ ಬರುವಾಗ ಮೆಟ್ರೋದಲ್ಲಿ ಕೂತು ಯೋಚನೆ ಹತ್ತಿತು. ಸಣ್ಣ ಕಾರು ಅಂದರೆ ಏನೇನು ನೋಡಬೇಕು ಅನ್ನುವ ಪಟ್ಟಿ ನನ್ನ ತಲೆಯಲ್ಲಿ ಹೇಗೆ ತಯಾರಾಯಿತು? ಯೋಚಿಸುತ್ತಾ ಹೋದರೆ ಎಲ್ಲ ದಾರಿಗಳೂ ಒಂದೇ ಕಾರಿಗೆ ಹೋಗಿ ನಿಲ್ಲುತ್ತವೆ. ಮಾರುತಿ 800. ನನಗೆ ಮಾತ್ರ ಅಲ್ಲ, ನಮ್ಮ ಒಂದು ಇಡೀ ತಲೆಮಾರಿಗೆ ಕಾರು ಅಳೆಯುವುದನ್ನು ಕಲಿಸಿದ್ದು ಅದೇ. ಏನನ್ನು ಅಳೆಯಬೇಕಿಲ್ಲ ಅಂತ ಕಲಿಸಿದ್ದೂ ಅದೇ ಅಂತ ಈಗ ಅನಿಸುತ್ತಿದೆ.

ಅದಕ್ಕೂ ಮುಂಚೆ ಅಳೆಯುವ ಪ್ರಶ್ನೆಯೇ ಇರಲಿಲ್ಲ ಬಿಡಿ. ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಫಿಯೆಟ್ (ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು), ಮದ್ರಾಸಿನ ಕಡೆಯಿಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸದು ಬೇಕಾದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಸುಮಾರಾಗಿ ಓಡಿದ ಕಾರಿಗೆ ಶೋರೂಂ ಬೆಲೆಗಿಂತ ಜಾಸ್ತಿ ಕೇಳುವವರಿದ್ದರು, ಕೊಡುವವರೂ ಇದ್ದರು. ಆಗಿನವರು ಕೇಳುತ್ತಿದ್ದ ಪ್ರಶ್ನೆ ಒಂದೇ: ದಾರೀಲಿ ಕೆಟ್ಟು ನಿಂತರೆ ಹತ್ತಿರದ ಊರಿನ ಮೇಸ್ತ್ರಿ ರಿಪೇರಿ ಮಾಡ್ತಾನಾ? ಅಂಬಾಸಿಡರ್‌ಗೆ ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಕೆಡುವ ವಿಷಯದಲ್ಲೂ ನೂರಕ್ಕೆ ನೂರು :)

ಸಣ್ಣ ಕಾರಿನ ಕನಸು ಮಾತ್ರ ಹಳೆಯದು. ದೇಶಕ್ಕೊಂದು ಅಗ್ಗದ ಕಾರು ಬೇಕು ಅಂತ 1959-60ರಷ್ಟು ಹಿಂದೆಯೇ ಎಲ್.ಕೆ. ಝಾ ಸಮಿತಿ ಹೇಳಿತ್ತು. 1971ರಲ್ಲಿ ಸಂಜಯ್ ಗಾಂಧಿಯ ಮಾರುತಿ ಲಿಮಿಟೆಡ್ ಹುಟ್ಟಿತು. ಗುರಗಾಂವ್ ಹತ್ತಿರ ಜಮೀನಾಯಿತು, ಶೆಡ್ ಎದ್ದಿತು, ಗಲಾಟೆಯೂ ಬೇಕಾದಷ್ಟಾಯಿತು. ಜನ ಕೊಳ್ಳುವಂಥ ಒಂದು ಕಾರು ಮಾತ್ರ ಅಲ್ಲಿಂದ ಹೊರಗೆ ಬರಲಿಲ್ಲ. ಕೊನೆಗೆ ಕಂಪನಿಯೇ ಮುಚ್ಚಿಹೋಯಿತು. 1980ರಲ್ಲಿ ಸಂಜಯ್ ತೀರಿಕೊಂಡ ಮೇಲೆ ಸಂಸತ್ತಿನಲ್ಲಿ ಕಾಯ್ದೆ ತಂದು ಸರ್ಕಾರವೇ ಅದನ್ನು ತೆಗೆದುಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಆಯಿತು. ಬಿಎಚ್‌ಇಎಲ್ ನಡೆಸಿದ್ದ ವಿ. ಕೃಷ್ಣಮೂರ್ತಿ, ಐಎಎಸ್‌ನಿಂದ ಬಂದ ಆರ್.ಸಿ. ಭಾರ್ಗವ ಸೇರಿ ಜಗತ್ತಿನ ಕಂಪನಿಗಳ ಬಾಗಿಲು ತಟ್ಟಿದರು. ಒಪ್ಪಿದ್ದು ಜಪಾನಿನ ಒಂದು ಸಣ್ಣ ಕಂಪನಿ, ಸುಜುಕಿ. 1982ರ ಅಕ್ಟೋಬರ್ 2ರಂದು ಒಪ್ಪಂದ, ಸುಜುಕಿಗೆ 26 ಪರ್ಸೆಂಟ್ ಪಾಲು.

1983ರಲ್ಲಿ ಬುಕಿಂಗ್ ತೆರೆದಾಗ ಕಾರು ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ. ಆದರೂ ತಲಾ 10,000 ರೂಪಾಯಿ ಠೇವಣಿ ಕಟ್ಟಿ ಲಕ್ಷಕ್ಕೂ ಮಿಕ್ಕಿ ಜನ ಹೆಸರು ಬರೆಸಿದರು. ಇದನ್ನು ಓದಿದಾಗೆಲ್ಲ ನನಗೆ ಆಶ್ಚರ್ಯ. ನೋಡದ, ಓಡಿಸದ, ಯಾರೂ ಓಡಿಸಿ ಹೇಳದ ಕಾರಿಗೆ! ಆ ವರ್ಷ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಕೈ ಕೊಟ್ಟರು. ಲಾಟರಿ ಎತ್ತಿ ಆರಿಸಿದ ಆ ಮೊದಲ ಗಿರಾಕಿ ದೆಹಲಿಯವರು, ಇಂಡಿಯನ್ ಏರ್‌ಲೈನ್ಸ್ ನೌಕರ. ಬೆಲೆ ಐವತ್ತು ಸಾವಿರದ ಆಸುಪಾಸು.

ಬಂದ ಕಾರು ನೋಡಿ ಹಳಬರು ಮೂಗು ಮುರಿದರು. 796 ಸಿಸಿ ಇಂಜಿನ್, ಅದೂ ಮೂರೇ ಸಿಲಿಂಡರ್. ಪಕ್ಕದಲ್ಲಿ ಅಂಬಾಸಿಡರ್‌ನ 1489 ಸಿಸಿ, ಒಂದು ಟನ್‌ಗೂ ಮೇಲೆ ತೂಕ. ಇದು ಏಳುನೂರು ಕೆಜಿಯೂ ಇಲ್ಲ. 12 ಇಂಚಿನ ಚಕ್ರ. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವ ತಗಡು. ಬೆಂಕಿಪೊಟ್ಟಣ ಅಂದರು, ಸೋಪಿನ ಡಬ್ಬಿ ಅಂದರು. ಆದರೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಘಟ್ಟ ಹತ್ತುವಾಗ ನಿಲ್ಲಿಸಿ ರೇಡಿಯೇಟರ್‌ಗೆ ನೀರು ಹಾಕುವ ಕೆಲಸ ಇರಲಿಲ್ಲ. ಅಂಬಾಸಿಡರ್ ಹತ್ತು ಕಿಲೋಮೀಟರ್ ಹೋಗುವ ಪೆಟ್ರೋಲಿನಲ್ಲಿ ಇದು ಹದಿನೈದು ದಾಟುತ್ತಿತ್ತು. "ಎಷ್ಟು ಕೊಡುತ್ತೆ ಸಾರ್?" ಅನ್ನುವ ಪ್ರಶ್ನೆ ಕಾರುಗಳ ಲೋಕದಲ್ಲಿ ಮೊದಲ ಪ್ರಶ್ನೆ ಆಗಿದ್ದು ಆಗ.

ಇಲ್ಲಿ ನಮ್ಮ ಬೆಂಗಳೂರಿನ ಕಥೆ ಒಂದಿದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮಾರುತಿ ರಸ್ತೆಗೆ ಬರುವ ಮುಂಚೆಯೇ, 1982ರಲ್ಲಿ, ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಅನ್ನುವ ಸಣ್ಣ ಕಾರು ತಂದಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಇಂಜಿನ್, ಎರಡೇ ಬಾಗಿಲು, ಮೈಯೆಲ್ಲ ಫೈಬರ್ ಗ್ಲಾಸ್. ಹಗುರವಾಗಿದ್ದುದರಿಂದ ಶೋಳವರಂ ರೇಸುಗಳಲ್ಲೂ ಓಡಿತು. ನಮ್ಮ ಜನ ಅದನ್ನು ಬೆರಳಲ್ಲಿ ತಟ್ಟಿ ನೋಡಿ "ಪ್ಲಾಸ್ಟಿಕ್ಕು" ಅಂದು ತಳ್ಳಿಹಾಕಿದರು. ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸುವುದು ಹೇಗೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ತರುವ ಹೊತ್ತಿಗೆ ಮಾರುತಿ ಬೀದಿಬೀದಿಯಲ್ಲಿತ್ತು. ತಗಡು ತೆಳುವಾದರೂ ತಗಡು ತಾನೇ, ಅನ್ನುವ ಲೆಕ್ಕ ಇರಬೇಕು.

ಸೆಪ್ಟೆಂಬರ್ 1985ರ ಪ್ಲಾಜಾ ಒಪ್ಪಂದದ ನಂತರ ಜಪಾನಿನ ಯೆನ್ ದುಬಾರಿಯಾಯಿತು. ಬಿಡಿಭಾಗಗಳು ಇನ್ನೂ ಅಲ್ಲಿಂದಲೇ ಬರುತ್ತಿದ್ದುದರಿಂದ 800ರ ಬೆಲೆಯೂ ಏರಿತು. 1986ರಲ್ಲಿ ನಾವೆಲ್ಲ ನೋಡಿರುವ ಆಕಾರದ ಹೊಸ 800 ಬಂತು. ಹೊಸದು ದುಬಾರಿ ಆದಷ್ಟೂ ಹಳೆಯದಕ್ಕೆ ಬೇಡಿಕೆ. ಕಾರು ಕೊಳ್ಳುವ ದಿನವೇ ಮಾರುವ ಬೆಲೆ ಲೆಕ್ಕ ಹಾಕುವ ಅಭ್ಯಾಸ ನಮಗೆ ಅಂಟಿದ್ದು ಹೀಗೆ. "800 ತಗೊಳ್ಳಿ, ದುಡ್ಡೆಲ್ಲೂ ಹೋಗಲ್ಲ", ಈ ಮಾತು ಕೇಳದವರು ಯಾರು?

ನಮ್ಮಪ್ಪ ಕೊಂಡಿದ್ದು 1999ರಲ್ಲಿ, 1995ರ ಮಾಡೆಲ್, 1,20,000 ರೂಪಾಯಿಗೆ. ಹಿಂದಿನ ವರ್ಷವಷ್ಟೇ ಸ್ಯಾಂಟ್ರೊ, ಇಂಡಿಕಾ, ಮಾಟಿಜ್ ಬಂದು ಮಾರುಕಟ್ಟೆ ಅಲ್ಲಾಡಿತ್ತು. ಅಪ್ಪ ಯಾವುದನ್ನೂ ತಿರುಗಿ ನೋಡಲಿಲ್ಲ. ಮಾರುವವನು ಎಂದಿನಂತೆ "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್" ಅಂದ. (ಹಳೇ ಕಾರುಗಳೆಲ್ಲ ಡಾಕ್ಟರುಗಳದ್ದೇ ಆಗಿದ್ದರೆ ನಮ್ಮ ಜಿಲ್ಲೆಯಲ್ಲಿ ಕಾಯಿಲೆಯೇ ಇರುತ್ತಿರಲಿಲ್ಲ.) ಜೊತೆಗೆ ಬಂದಿದ್ದ ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಒಂದು ಮಾತೂ ಆಡದೆ ಕೆಲಸ ಶುರು ಮಾಡಿದರು. ಬಾಗಿಲುಗಳ ಸಂದು ಎರಡೂ ಕಡೆ ಒಂದೇ ಅಗಲ ಇದೆಯಾ? ಜೇಬಿನಿಂದ ಹಳೇ ಸ್ಪೀಕರಿನ ಆಯಸ್ಕಾಂತ ತೆಗೆದು ಮೈಗೆಲ್ಲ ಅಂಟಿಸಿ ನೋಡಿದರು, ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪಟ್ಟಿ ಮೆತ್ತಿದ್ದಾರೆ ಅಂತ. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಇದೆಯಾ? ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಮುಂದಿನ ಚಕ್ರದಲ್ಲಿ ಟಕಟಕ ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಮೀಟರ್ ನಲವತ್ತು ಸಾವಿರ ತೋರಿಸುತ್ತೆ, ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆಯಲ್ಲ? ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು? ಆರ್‌ಸಿ ಪುಸ್ತಕದ ಚಾಸಿ ನಂಬರ್, ಗಾಡಿಯ ಮೇಲಿನ ನಂಬರ್ ಒಂದೇನಾ? ಎರಡು ಗಂಟೆ ನಡೆದ ಆ ಪರೀಕ್ಷೆ ನಾನು ಕಂಡ ಅತ್ಯುತ್ತಮ ಪಾಠಗಳಲ್ಲಿ ಒಂದು. ಇವತ್ತಿಗೂ ಅದರಲ್ಲಿ ತಪ್ಪಿಲ್ಲ.

ಆದರೆ ಕಾರು ಮನೆಗೆ ಬಂದ ವಾರವೇ ಅಪ್ಪ ಹೊಸ ಸೀಟ್ ಕವರ್ ಹೊಲಿಸಿದರು. ಮುಂದಿನ ಸೀಟುಗಳಿಗೆ ಬೆಲ್ಟ್ ಇರಲೇಬೇಕು ಅಂತ 1994ರಿಂದ ನಿಯಮ ಬಂದಿತ್ತು, ನಮ್ಮ ಕಾರಿನಲ್ಲೂ ಇತ್ತು. ಕವರ್ ಅಂದವಾಗಿ ಕೂರಲಿ ಅಂತ ಅದರ ಕೊಂಡಿಗಳನ್ನು ಒಳಗೆ ತೂರಿಸಿ ಹೊಲಿದುಬಿಟ್ಟರು. ಯಾರಿಗೂ ಅದು ವಿಷಯವೇ ಅನಿಸಲಿಲ್ಲ. 2001ರ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಹೊರಟಿದ್ದಾಗ ಎಮ್ಮೆ ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದರು. ಕಾರು ನಿಂತಿತು, ಮುಂದೆ ಕೂತಿದ್ದ ಅಮ್ಮ ನಿಲ್ಲಲಿಲ್ಲ. ಹಣೆಗೆ ಏಳು ಹೊಲಿಗೆ. ನಲವತ್ತು ಕಿಲೋಮೀಟರ್ ಸ್ಪೀಡೂ ಇರಲಿಲ್ಲ. ಆಸ್ಪತ್ರೆಯಿಂದ ಬಂದಮೇಲೆ ನೆಂಟರೆಲ್ಲ ಸೇರಿ ಮಾತಾಡಿದ್ದು ಎಮ್ಮೆ ಬಗ್ಗೆ, ಅದರ ಯಜಮಾನನ ಬಗ್ಗೆ, ಮತ್ತೆ ಬಂಪರಿಗೆ ಏನೂ ಆಗಲಿಲ್ಲವಲ್ಲ ಅನ್ನುವುದರ ಬಗ್ಗೆ. ಬೆಲ್ಟನ್ನು ಯಾರೂ ಹೊರಗೆ ಎಳೆಯಲಿಲ್ಲ. ನಾನೂ ಎಳೆಯಲಿಲ್ಲ, ಆಗ ಕಾಲೇಜಿಗೆ ಹೋಗುತ್ತಿದ್ದವನು.

ಹಾಗಂತ 800ನ್ನು ಬೈಯ್ಯೋಕೆ ನನಗೆ ಇಷ್ಟವಿಲ್ಲ. ಅದನ್ನು ಕೊಂಡವರಲ್ಲಿ ಎಷ್ಟೋ ಜನ ಸ್ಕೂಟರಿನಿಂದ ಇಳಿದು ಬಂದವರು. ಮುಂದೆ ಒಂದು ಮಗು ನಿಲ್ಲಿಸಿಕೊಂಡು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಮಗು. ಅದರ ಮುಂದೆ ಎಂಥ ತಗಡಾದರೂ ಕೋಟೆಯೇ. ರತನ್ ಟಾಟಾ ನ್ಯಾನೋ ಮಾಡಿಸಲು ಹೊರಟಿದ್ದೂ ಇಂಥದ್ದೇ ದೃಶ್ಯ ನೋಡಿ. ನನ್ನ ತಕರಾರು ಏನೆಂದರೆ, ಆ ಹೋಲಿಕೆ ಮೊದಲ ಹತ್ತು ವರ್ಷಕ್ಕೆ ಸರಿ, ಮೂವತ್ತು ವರ್ಷಕ್ಕಲ್ಲ.

2004ರವರೆಗೆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಕಾರು 800. ಆಮೇಲೆ ಆ ಪಟ್ಟ ಅದೇ ಮನೆಯ ಆಲ್ಟೊಗೆ ಹೋಯಿತು. 2010ರ ಏಪ್ರಿಲಿನಲ್ಲಿ ಬಿಎಸ್ 4 ಹೊಗೆ ನಿಯಮ ಬಂದಾಗ ಬೆಂಗಳೂರೂ ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. ಹೊಗೆಗೆ ನಿಯಮ ಬಂತು ನೋಡಿ, ಡಿಕ್ಕಿಗೆ ಬರಲಿಲ್ಲ. 2014ರ ಜನವರಿ 18ಕ್ಕೆ ಉತ್ಪಾದನೆಯೇ ಕೊನೆಯಾಯಿತು. ಪತ್ರಿಕೆಗಳಲ್ಲೆಲ್ಲ ನೆನಪಿನ ಬರಹಗಳು. ಅದೇ ಜನವರಿಯ ಕೊನೆಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದ ಫಲಿತಾಂಶ ಹೊರಬಂತು. ಆಲ್ಟೊ 800, ನ್ಯಾನೋ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಈ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. ದೇಶಿಯೂ ಸೊನ್ನೆ, ವಿದೇಶಿಯೂ ಸೊನ್ನೆ. ಭಾರತದ ನಿಯಮಗಳನ್ನು ಪಾಲಿಸಿದ್ದೇವೆ ಅಂತ ಕಂಪನಿಗಳ ಕಡೆಯಿಂದ ಉತ್ತರ ಬಂತು. ಅದು ನಿಜವೂ ಹೌದು! ನಿಯಮದಲ್ಲಿ ಇರಲೇ ಇಲ್ಲವಲ್ಲ. ಕೊಳ್ಳುವವರೂ ಕೇಳಿರಲಿಲ್ಲ. ನಾವು ಕೇಳಿದ್ದು ಎಷ್ಟು ಕೊಡುತ್ತೆ ಅಂತ. ಅದನ್ನು ಚೆನ್ನಾಗಿಯೇ ಕೊಟ್ಟರು.

ಆಮೇಲಿನದು ಬೇಗಬೇಗ ಆಯಿತು. 2017ರ ಅಕ್ಟೋಬರಿನಿಂದ ಹೊಸ ಮಾಡೆಲುಗಳಿಗೆ, 2019ರಿಂದ ಎಲ್ಲ ಕಾರುಗಳಿಗೂ ಡಿಕ್ಕಿ ಪರೀಕ್ಷೆ ಕಡ್ಡಾಯ. 2019ರಲ್ಲೇ ಡ್ರೈವರ್ ಏರ್‌ಬ್ಯಾಗ್, 2021ರಲ್ಲಿ ಪಕ್ಕದವರಿಗೂ. 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್. 2024ರ ನವೆಂಬರಿನಲ್ಲಿ ಡಿಜೈರ್‌ಗೆ ಗ್ಲೋಬಲ್ ಎನ್‌ಕ್ಯಾಪ್‌ನ ಐದು ಸ್ಟಾರ್ ಬಂತು, ಮಾರುತಿ ಕಾರಿಗೆ ಅದೇ ಮೊದಲು. ಆ ಮೊದಲ ಕೀಲಿಕೈ ಕೊಟ್ಟು ಆಗಲೇ ನಲವತ್ತೊಂದು ವರ್ಷ ಸಮೀಪಿಸಿತ್ತು. 2025ರಲ್ಲಿ ಆಲ್ಟೊ ಕೆ10ಗೆ ಆರು ಏರ್‌ಬ್ಯಾಗ್ ಹಾಕಿದ ಸುದ್ದಿ ಓದಿ ಅಮ್ಮನಿಗೆ ಹೇಳಿದೆ. "ಆರು ಯಾಕೋ, ನನಗೆ ಒಂದು ಸಾಕಿತ್ತು" ಅಂದರು.

ಅಪ್ಪ ಆ ಕಾರನ್ನು 2012ರಲ್ಲಿ 45,000ಕ್ಕೆ ಮಾರಿದರು. ಹದಿಮೂರು ವರ್ಷ ಓಡಿಸಿ ಕಳೆದುಕೊಂಡಿದ್ದು ಎಪ್ಪತ್ತೈದು ಸಾವಿರ. ಕೊನೇವರೆಗೂ ಅದನ್ನೇ ಹೇಳಿಕೊಂಡು ಖುಷಿ ಪಡುತ್ತಿದ್ದರು.

ಅಳಿಯ ಆ ಆಲ್ಟೊ ಬೇಡ ಅಂದ. ಹಳೇ ಕಾರಿನಲ್ಲಿ ಏರ್‌ಬ್ಯಾಗ್ ಇದೆ ಅಂತ ಬರೆದಿದ್ದರೆ ಸಾಲದು, ಕೀ ತಿರುಗಿಸಿದಾಗ ಅದರ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ ಅಂತ ಅವನೇ ನನಗೆ ಹೇಳಿಕೊಟ್ಟ. ಮುಂದಿನ ಭಾನುವಾರ 2022ರ ಇನ್ನೊಂದು ಕಾರು ನೋಡೋಕೆ ಹೋಗುತ್ತಿದ್ದೇವೆ. ದೀಪ ಅವನು ನೋಡುತ್ತಾನೆ, ಕಾರ್ಪೆಟ್ ನಾನು ಎತ್ತುತ್ತೇನೆ. ಆಯಸ್ಕಾಂತ ಹುಡುಕಿ ಇಟ್ಟುಕೊಂಡಿದ್ದೇನೆ.