ಮೊದಲ ಮುದ್ರಣವೇ ಕೊನೆಯ ಮುದ್ರಣ

ನಂದಿಕೂರಿನಲ್ಲಿ ಕೂತು ಹಳೆ ಪುಸ್ತಕ ಹುಡುಕುತ್ತೇನೆ ಅಂದ್ರೆ ಜನ ಮೊದಲು ಕೇಳುವುದು, "ತಾಳೆಗರಿಯಾ?" ಅಂತ. ಅಲ್ಲ ಮಾರಾಯ್ರೆ. ತಾಳೆಗರಿಗೆ ಈಗ ಮರ್ಯಾದೆ ಉಂಟು, ಸಿಕ್ಕಿದರೆ ಪೇಪರಿನಲ್ಲಿ ಸುದ್ದಿ ಬರ್ತದೆ. ನಾನು ಹುಡುಕುವುದು ನೂರು ವರ್ಷವೂ ತುಂಬದ, ಆಣೆ ಲೆಕ್ಕದಲ್ಲಿ ಮಾರಾಟವಾದ, ಮಧ್ಯಕ್ಕೆ ಪಿನ್ನು ಹೊಡೆದ ತೆಳು ತುಳು ಪುಸ್ತಕಗಳನ್ನು. 1930ರ ದಶಕದಲ್ಲಿ ಉಡುಪಿಯಿಂದ ಹೊರಟ 'ತುಳುವ ಸಾಹಿತ್ಯಮಾಲೆ'ಯವು, ಮತ್ತು ಅವುಗಳ ನೆರೆಕರೆಯವು.

ತುಳು ಅಚ್ಚಿಗೆ ಬಂದದ್ದು ಅದಕ್ಕೂ ಬಹಳ ಮೊದಲು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು ಶುರುವಾದದ್ದು 1841ರಲ್ಲಿ. ತುಳು ಹೊಸ ಒಡಂಬಡಿಕೆ 1847ರಲ್ಲಿ, ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಇವೆಲ್ಲ ಇವತ್ತಿಗೂ ಸಿಗ್ತವೆ. ಮಿಷನ್ನಿನ ಹಿಂದೆ ಒಂದು ಸಂಸ್ಥೆ ಇತ್ತು, ಬಾಸೆಲಿನಲ್ಲಿ ಅದರ ಭಂಡಾರ ಉಂಟು, ಕಾಗದ ಒಳ್ಳೆಯದಿತ್ತು, ಬೈಂಡು ಗಟ್ಟಿ ಇತ್ತು.

ಎಸ್. ಯು. ಪಣಿಯಾಡಿಯವರ ಹಿಂದೆ ಅಂಥದ್ದೇನೂ ಇರಲಿಲ್ಲ. ಸ್ವಾತಂತ್ರ್ಯ ಹೋರಾಟದ ಬಿಸಿಯಲ್ಲಿ ಬೆಳೆದ ಅವರು 1928ರಲ್ಲಿ ಉಡುಪಿಯಲ್ಲಿ ತುಳು ಮಹಾಸಭೆ ಕಟ್ಟಿದರು. ಆಮೇಲೆ ಸಾಹಿತ್ಯಮಾಲೆ. 1932ರಲ್ಲಿ ಅವರದೇ 'ತುಳು ವ್ಯಾಕರಣ' ಬಂತು: ಹೊರಗಿನವರು ಕಲಿಯಲಿಕ್ಕೆ ಬರೆದದ್ದಲ್ಲ, ಮನೆಯಲ್ಲಿ ಆ ಭಾಷೆ ಆಡಿದವರೇ ಬರೆದದ್ದು. 1936ರಲ್ಲಿ 'ಸತಿ ಕಮಲೆ'. ತುಳುವಿನ ಮೊದಲ ಕಾದಂಬರಿ ಅಂತ ಎಣಿಸುವುದು ಇದನ್ನೇ. ಅದೇ ಹೊತ್ತಿಗೆ ಎನ್. ಎಸ್. ಕಿಲ್ಲೆಯವರ 'ಕಾಣಿಗೆ'ಯಂಥ ಪದ್ಯದ ಪುಸ್ತಕಗಳೂ ಬಂದವು. ಮಾಲೆ ಹೆಚ್ಚು ಕಾಲ ನಡೆಯಲಿಲ್ಲ. ಆಡುವವರು ಲಕ್ಷಗಟ್ಟಲೆ, ಕೊಂಡು ಓದುವವರು ಬೆರಳೆಣಿಕೆ. ತುಳುವಿನಲ್ಲಿ ಪುಸ್ತಕ ಮಾಡಿದವರೆಲ್ಲರ ಲೆಕ್ಕಪುಸ್ತಕದಲ್ಲಿ ಇವತ್ತಿಗೂ ಈ ಸಾಲು ಉಂಟು.

ಯಕ್ಷಗಾನದ ಕಥೆ ಬೇರೆ. ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸಿದ ಪ್ರಸಂಗ ಪುಸ್ತಕಗಳು ಭಾಗವತರ ಕೈಯಲ್ಲಿ ಹರಿದು ಹೋಗಿ ಮತ್ತೆ ಮತ್ತೆ ಮುದ್ರಣವಾದವು. ಅಲ್ಲಿ ಮೊದಲ ಮುದ್ರಣ ಅಂದ್ರೆ ಹಲವುಗಳಲ್ಲಿ ಒಂದು. ಆ ಕಾಲದ ತುಳು ಪುಸ್ತಕಗಳಲ್ಲಿ ಎಷ್ಟೋ ಸಲ ಮೊದಲನೆಯದೇ ಕೊನೆಯದು.

ಹಾಗಾದರೆ ಒಂದು ಪ್ರತಿ ಯಾರಾದರೂ ಹೊಸದಾಗಿ ಟೈಪು ಮಾಡಿ ಹಾಕಿದರೆ ಸಾಕಲ್ಲ, ಹಳೇದೇ ಯಾಕೆ? ಈ ಪ್ರಶ್ನೆ ನನಗೆ ಸಾವಿರ ಸಲ ಬಂದಿದೆ. ಉತ್ತರ ತುಳುವಿನ ಸ್ವರದಲ್ಲಿದೆ. ನಾನು ಬರುತ್ತೇನೆ ಅನ್ನಲಿಕ್ಕೆ 'ಯಾನ್ ಬರ್ಪೆ', ಅವನು ಬರುತ್ತಾನೆ ಅನ್ನಲಿಕ್ಕೆ 'ಆಯೆ ಬರ್ಪೆ'. ಕನ್ನಡ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ಬಾಯಲ್ಲಿ ಒಂದಲ್ಲ: ಮೊದಲನೆಯದರ ಕೊನೆಯ ಎಕಾರಕ್ಕೆ ಬಾಯಿ ಅಗಲ ಬಿಡಬೇಕು, ಎರಡನೆಯದಕ್ಕೆ ಬೇಡ. ಇನ್ನೊಂದು, ಪದದ ಕೊನೆಯಲ್ಲಿ ಬರುವ ಅರ್ಧ ಉಕಾರ. ಮನೆಗೆ 'ಇಲ್ಲ್' ಅಂತ ಬರೆಯಬೇಕೋ 'ಇಲ್ಲು' ಅಂತಲೋ? ಎರಡೂ ಪೂರ್ತಿ ಸರಿ ಅಲ್ಲ. ಕನ್ನಡದ ಅಚ್ಚುಮೊಳೆಯಲ್ಲಿ ಆ ಸ್ವರ ಇಲ್ಲವೇ ಇಲ್ಲ.

ಮಿಷನ್ನಿನವರು ತುಳುವಿಗೆ ಕನ್ನಡ ಲಿಪಿ ಬಳಸಿದ್ದೇ ಮುಂದಿನವರಿಗೂ ದಾರಿಯಾಯಿತು, ಹಾಗಾಗಿ ಈ ತೊಡಕು ಎಲ್ಲರ ಪಾಲಿಗೂ ಬಂತು. ಒಬ್ಬೊಬ್ಬ ಬರಹಗಾರ, ಒಬ್ಬೊಬ್ಬ ಮೊಳೆ ಜೋಡಿಸುವವ ತನ್ನದೇ ಉಪಾಯ ಮಾಡಿಕೊಳ್ಳಬೇಕಾಯಿತು. ಮರುಮುದ್ರಣ ಮಾಡುವವರು ಪಾಪ ಒಳ್ಳೆ ಮನಸ್ಸಿನಿಂದಲೇ ಇದನ್ನೆಲ್ಲ 'ತಿದ್ದು'ತ್ತಾರೆ. ತಿದ್ದಿದ ಮೇಲೆ ಆ ಕಾಲದ ಲೇಖಕ ಆ ಪದವನ್ನು ಹೇಗೆ ಕೇಳಿಸಿಕೊಂಡಿದ್ದ ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಮುಂದೆ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂತು, 1988ರಿಂದ 1997ರವರೆಗೆ. ಈ ಸ್ವರಗಳಿಗೆಲ್ಲ ಅಲ್ಲಿ ಚಿಹ್ನೆ ಉಂಟು. ಆದರೆ ಮೂವತ್ತರ ದಶಕದ ಅಚ್ಚುಕೂಟದಲ್ಲಿ ನಿಂತವನಿಗೆ ಆ ಭಾಗ್ಯ ಇರಲಿಲ್ಲವಲ್ಲ.

ಇಂಗ್ಲೆಂಡಿನಲ್ಲಿ ವಿಲಿಯಂ ಮೋರಿಸ್ ಅವರ ಕೆಲ್ಮ್‌ಸ್ಕಾಟ್ ಪ್ರೆಸ್ಸು ಬಾಳಿದ್ದು 1891ರಿಂದ 1898ರವರೆಗೆ ಅಷ್ಟೇ. ಹೊರಟದ್ದು 53 ಪುಸ್ತಕ. ಅವರ 1896ರ ಚಾಸರ್ ಕಾಗದದ ಮೇಲೆ 425 ಪ್ರತಿ, ತೊಗಲಿನ ಮೇಲೆ 13, ಅಂತ ಕರಾರುವಾಕ್ಕು ಲೆಕ್ಕ ಉಂಟು. ನಮ್ಮದಕ್ಕೆ ಲೆಕ್ಕ ಇಟ್ಟದ್ದು, ನಗಬೇಡಿ, ಬ್ರಿಟಿಷ್ ಸರ್ಕಾರ! 1867ರ ಕಾನೂನಿನ ಪ್ರಕಾರ ಅಚ್ಚಾದ ಪುಸ್ತಕವನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, ಅಲ್ಲಿಂದ ಮೂರು ತಿಂಗಳಿಗೊಮ್ಮೆ ಪಟ್ಟಿ ಹೊರಡುತ್ತಿತ್ತು: ಹೆಸರು, ಭಾಷೆ, ಪುಟ, ಎಷ್ಟು ಪ್ರತಿ, ಎಷ್ಟು ಬೆಲೆ. ಕಣ್ಣಿಡಲಿಕ್ಕೆ ಮಾಡಿದ ಪಟ್ಟಿ ಈಗ ನಮ್ಮಂಥವರಿಗೆ ದಾರಿದೀಪ. ಪಟ್ಟಿಯಲ್ಲಿ ಇದ್ದದ್ದು ಮನೆಯಲ್ಲಿ ಇರ್ತದೆ ಅಂತೇನಿಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಯಾಕಿಲ್ಲ ಅಂದರೆ ನಮ್ಮ ಮಳೆ. ಕಡಲ ಗಾಳಿಗೆ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೇ ತಿಂದು ಬಿಡ್ತದೆ. ನಡುವಿನ ಹಾಳೆ ಉದುರುವುದು ಮೊದಲು, ರಕ್ಷಾಪುಟ ಹೋಗುವುದು ಆಮೇಲೆ. ಉಳಿದದ್ದಕ್ಕೆ ಗೆದ್ದಲು ಉಂಟು. ಹಳೆಮನೆ ಬಿಚ್ಚುವಾಗ ಅಟ್ಟದಿಂದ ಇಳಿದ ಕಟ್ಟು ನೇರ ಗುಜರಿಗೆ. ಗುಜರಿಯವರು ತೂಕಕ್ಕೆ ತಗೊಳ್ತಾರೆ, ತೆಳು ಪುಸ್ತಕಕ್ಕೆ ತೂಕವೇ ಇಲ್ಲ! ಲೈಬ್ರರಿಗಳು ಇನ್ನೊಂದು ರೀತಿ ಕೊಲ್ತವೆ. ನಾಲ್ಕು ಪುಸ್ತಕ ಒಟ್ಟು ಸೇರಿಸಿ ರಟ್ಟು ಹಾಕುವಾಗ ಬಣ್ಣದ ರಕ್ಷಾಪುಟ ಕಿತ್ತು ಎಸೆಯುತ್ತಾರೆ. ಬೆಲೆ, ಮಾಲೆಯ ಉಳಿದ ಪುಸ್ತಕಗಳ ಹೆಸರು, 'ಮುಂದೆ ಬರಲಿರುವುದು' ಅನ್ನುವ ಜಾಹೀರಾತು ಇರುವುದು ಅದರ ಮೇಲೆಯೇ. ಬರಲಿರುವುದು ಅಂತ ಹೇಳಿ ಬಾರದೇ ಹೋದ ಪುಸ್ತಕಗಳ ಪಟ್ಟಿಯಷ್ಟು ಬೇಜಾರು ತರುವ ಓದು ಮತ್ತೊಂದಿಲ್ಲ.

ಕಳೆದ ಮಳೆಗಾಲ ಪಲಿಮಾರು ಕಡೆಯ ಒಂದು ಮನೆಯಲ್ಲಿ ಒಂದು ಪದ್ಯದ ಪುಸ್ತಕ ಇದೆ ಅಂತ ಗೊತ್ತಾಗಿ ಹೋದೆ. ಹೆಸರಿನ ಪುಟ ಇಲ್ಲ, ಕಾಗದ, ಮೊಳೆ ನೋಡಿದರೆ ಮೂವತ್ತರ ದಶಕದ್ದೇ. ಆ ಮನೆಯ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. "ನಮ್ಮ ಅಪ್ಪ ರಾತ್ರಿ ಓದಿ ಹೇಳ್ತಿದ್ರು ಮಗಾ" ಅಂತ ಹೇಳಿ, ಕನ್ನಡಕ ಹಾಕಿಕೊಂಡು ಅವರೇ ಓದಲಿಕ್ಕೆ ಶುರು ಮಾಡಿದರು. ಒಂದೇ ರೀತಿ ಅಚ್ಚಾದ ಎರಡು ಎಕಾರ ಅವರ ಬಾಯಲ್ಲಿ ಎರಡಾಗಿಯೇ ಹೊರಟವು. ಒಂದು ಕಡೆಯೂ ತಡೆಯಲಿಲ್ಲ.

ಬೆಲೆ ಮಾತಾಡಲಿಕ್ಕೆ ಹೋಗಿದ್ದೆ, ಮಾತಾಡಲಿಲ್ಲ. ಫೋನಿನಲ್ಲಿ ಪುಟ ಪುಟ ಫೋಟೋ ತೆಗೆದೆ, ಅವರ ಓದನ್ನೂ ರೆಕಾರ್ಡು ಮಾಡಿಕೊಂಡೆ. ಒಪ್ಪಿಗೆ ಕೇಳಿ ತುಕ್ಕು ಹಿಡಿದ ಪಿನ್ನು ಮೆಲ್ಲಗೆ ಬಿಡಿಸಿ ನೂಲು ಹಾಕಿ ಕೊಟ್ಟೆ. ಪುಸ್ತಕ ಅವರ ಕಪಾಟಿನಲ್ಲೇ ಉಂಟು, ರೇಷನ್ ಕಾರ್ಡಿನ ಜೊತೆ. ಮುಂದಿನ ತಿಂಗಳು ಇನ್ನೊಮ್ಮೆ ಹೋಗಬೇಕು, ಅರ್ಧ ಓದುವಾಗ ಕರೆಂಟು ಹೋಗಿತ್ತು.