ಆನೆಕಾಲು: ಮಾತ್ರೆ ಒಂದೇ ಸಾಲದು, ದಿನಾ ಕಾಲಿನ ಆರೈಕೆ ಬೇಕು

ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಗೂ ನಮ್ಮ ಕರಾವಳಿ ಜಿಲ್ಲೆಗಳಿಗೂ ಆನೆಕಾಲು ರೋಗ ಹೊಸದಲ್ಲ. ಕಾಲು ಬಾತವರು ಸೀರೆ, ಪಂಚೆಯಲ್ಲಿ ಮುಚ್ಚಿಕೊಂಡು ವರ್ಷಗಟ್ಟಲೆ ಸುಮ್ಮನಿರ್ತಾರೆ. ಹಳೇ ಬಾವು ಪೂರ್ತಿ ಇಳಿಯೋದು ಕಷ್ಟ, ನಿಜ. ಆದರೆ ಅದು ಇನ್ನಷ್ಟು ಬೆಳೆಯದಂತೆ, ಪದೇ ಪದೇ ಜ್ವರ ಬರದಂತೆ ಮನೆಯಲ್ಲೇ ನೋಡಿಕೊಳ್ಳಬಹುದು.

ಯಾಕೆ ಬಾಯುತ್ತೆ?

ನಮ್ಮ ಮೈಯಲ್ಲಿ ರಕ್ತನಾಳದ ಹಾಗೆಯೇ ದುಗ್ಧರಸ ಹರಿಯುವ ನಾಳಗಳಿವೆ. ರಕ್ತಕ್ಕೆ ಹೃದಯ ಇದ್ದ ಹಾಗೆ ಈ ರಸಕ್ಕೆ ಪಂಪ್ ಇಲ್ಲ. ನಾಳಗಳೇ ಹಿಂಡಿಕೊಳ್ಳುತ್ತವೆ, ಜೊತೆಗೆ ನಾವು ನಡೆದಾಡಿದಾಗ ಮೀನಖಂಡ ಹಿಂಡಿ ರಸ ಮೇಲಕ್ಕೆ ಹೋಗುತ್ತೆ. ಕೊಳಚೆ ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿ ಫೈಲೇರಿಯಾ ಹುಳ ಮೈ ಸೇರಿದರೆ ಈ ನಾಳಗಳು ಹಾಳಾಗ್ತವೆ. ರಸ ಕಾಲಲ್ಲೇ ನಿಲ್ಲುತ್ತೆ.

ದಿನಾ ಮಾಡಬೇಕಾದ್ದು

- ಬಿಸಿ ನೀರು ಬೇಡ. ತಣ್ಣೀರು, ಸೋಪು ಹಾಕಿ ಮೇಲಿನಿಂದ ಪಾದದವರೆಗೆ ಮೆಲ್ಲಗೆ ತೊಳೆಯಿರಿ. ಚರ್ಮದ ಮಡಿಕೆ, ಬೆರಳ ಸಂದಿ ಬಿಡಬೇಡಿ.
- ಉಜ್ಜದೆ, ಒಣ ಬಟ್ಟೆಯಿಂದ ಒತ್ತಿ ಒರೆಸಿ. ಸಂದಿಯಲ್ಲಿ ತೇವ ಉಳಿದರೆ ಬೂಸ್ಟು ಹಿಡಿದು ಬಿರುಕು ಬಿಡುತ್ತೆ. ಅಲ್ಲಿಂದಲೇ ಸೋಂಕು ಒಳಹೊಕ್ಕು ಜ್ವರ ತರುತ್ತೆ, ಪ್ರತಿ ಸಲ ಬಾವೂ ಹೆಚ್ಚುತ್ತೆ.
- ಗಾಯ, ಬಿರುಕು ಕಂಡರೆ ಆಸ್ಪತ್ರೆಯಲ್ಲಿ ಕೇಳಿ ಮುಲಾಮು ಹಚ್ಚಿ.
- ಬರಿಗಾಲಲ್ಲಿ ಓಡಾಡಬೇಡಿ. ಬಿಗಿ ಚಪ್ಪಲಿಯೂ ಬೇಡ.
- ಮಲಗುವಾಗ ಕಾಲ ಕೆಳಗೆ ದಿಂಬಿಡಿ.

ಅಂಗಡಿಯವರಿಗೆ

ಗಲ್ಲಾ ಮುಂದೆ ದಿನವಿಡೀ ಕಾಲು ಇಳಿಬಿಟ್ಟು ಕೂರೋದು, ನಿಂತೇ ಇರೋದು ಎರಡೂ ಕಷ್ಟವೇ. ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ, ಪಾದ ತಿರುಗಿಸಿ, ನಾಲ್ಕು ಹೆಜ್ಜೆ ನಡೆಯಿರಿ. ಕೂತಾಗ ಕಾಲನ್ನು ಸ್ಟೂಲ್ ಮೇಲಿಡಿ.

ಊಟದ ವಿಷಯ

ಬಾವು ಕರಗಿಸುವ ಕಷಾಯ, ಸೊಪ್ಪು ಅಂತ ಯಾವುದೂ ಇಲ್ಲ. ಮೈತೂಕ ಹೆಚ್ಚಿದ್ದರೆ ಕಾಲಿನ ಭಾರವೂ ಹೆಚ್ಚು, ಅದನ್ನು ಹತೋಟಿಯಲ್ಲಿಡಿ. ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿ ಕಡಿಮೆ ಮಾಡಿ. ರೊಟ್ಟಿ, ಬೇಳೆ, ಕಾಳು, ಸೊಪ್ಪಿನ ಮಾಮೂಲಿ ಊಟವೇ ಸಾಕು. ಸಕ್ಕರೆ ಕಾಯಿಲೆ ಇದ್ದವರು ಗಾಯದ ಬಗ್ಗೆ ಇನ್ನೂ ಹುಷಾರಾಗಿರಿ.

ಜ್ವರ ಬಂದಾಗ

ಕಾಲು ಕೆಂಪಾಗಿ, ಬಿಸಿಯಾಗಿ ನೋವು ಬಂದರೆ ವ್ಯಾಯಾಮ ನಿಲ್ಲಿಸಿ. ಕಾಲು ಮೇಲಿಟ್ಟು ಮಲಗಿ, ತಣ್ಣನೆ ಒದ್ದೆ ಬಟ್ಟೆ ಹಾಕಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬರೆ ಹಾಕಿಸೋದು, ಚುಚ್ಚಿ ನೀರು ತೆಗೆಸೋದು ಬೇಡವೇ ಬೇಡ.

ಎಲ್ಲಾ ಬಾವೂ ಆನೆಕಾಲಲ್ಲ. ಎರಡೂ ಕಾಲು ಬಾತರೆ ಹೃದಯ, ಕಿಡ್ನಿ ತೊಂದರೆ ಇರಬಹುದು. ಒಂದೇ ಕಾಲು ದಿಢೀರ್ ಬಾತು ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ.

ಮನೆಗೆ ಬರುವ ಮಾತ್ರೆ

ಆರೋಗ್ಯ ಇಲಾಖೆಯವರು ಸಾಮೂಹಿಕವಾಗಿ ಕೊಡುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆ ಕಾಲು ಚೆನ್ನಾಗಿರುವವರಿಗೂ ಬೇಕು. ಹುಳ ಮೈಯಲ್ಲಿದ್ದರೂ ವರ್ಷಗಟ್ಟಲೆ ಲಕ್ಷಣ ಕಾಣದೇ ಇರಬಹುದು. ಊಟ ಮಾಡಿ, ಅವರೆದುರೇ ನುಂಗಿ. 2 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರಿಗೆ ಕೊಡೋದಿಲ್ಲ. ರಕ್ತ ಪರೀಕ್ಷೆಗೆ ರಾತ್ರಿ ಬಂದರೂ ಬಾಗಿಲು ತೆರೆಯಿರಿ, ಮರಿಹುಳಗಳು ರಕ್ತದಲ್ಲಿ ಸಿಗೋದು ಹೆಚ್ಚಾಗಿ ರಾತ್ರಿಯೇ.

ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡಿದ್ದರೆ ಪಂಚಾಯ್ತಿಗೆ, ಪುರಸಭೆಗೆ ಹೇಳಿ ತೆಗೆಸಿ. ಸೊಳ್ಳೆ ಹುಟ್ಟೋದು ಅಲ್ಲೇ.